ಅಣ್ಣನಿಗೆ 19ಕ್ಕೆ, ತಂಗಿಗೆ 29ಕ್ಕೆ: ಸ್ಕಿಜೋಫ್ರೇನಿಯಾ, ವಂಶವಾಹಿ ಮತ್ತು ಗಂಡು-ಹೆಣ್ಣಿನ ಅಂತರ

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಣ್ಣನಿಗೆ 19 ತುಂಬುವ ಹೊತ್ತಿಗೆ ಕಾಲೇಜಿಗೆ ಹೋಗುವುದು ಮೆಲ್ಲಗೆ ನಿಂತುಹೋಯಿತು. ಗೆಳೆಯರು ಬಂದು ಕರೆದರೂ ಕೋಣೆಯಿಂದ ಹೊರಬರಲಿಲ್ಲ. ಮಾತು ಕಡಿಮೆಯಾಯಿತು, ಸ್ನಾನ ತಪ್ಪಿತು, ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಮನೆಯವರು ಸೋಮಾರಿತನ ಎಂದುಕೊಂಡು ಗದರಿದರು. ವರ್ಷ ಕಳೆದ ಮೇಲೆ ಒಂದು ರಾತ್ರಿ, ಗೋಡೆಯಾಚೆ ಯಾರೋ ಕೂತು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದ. ತಂಗಿ ಮಾತ್ರ ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಚೆನ್ನಾಗಿಯೇ ಇದ್ದಳು. ಅವಳಿಗೆ ಶುರುವಾದದ್ದು 29ಕ್ಕೆ. ಸಹೋದ್ಯೋಗಿಗಳು ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ, ಜೊತೆಗೆ ಅಳು, ನಿದ್ದೆಗೇಡು. ಮೊದಲು ನೋಡಿದ ವೈದ್ಯರು ಖಿನ್ನತೆ ಎಂದರು. ಕಡೆಗೆ ಇಬ್ಬರಿಗೂ ಬಂದ ಹೆಸರು ಒಂದೇ, ಸ್ಕಿಜೋಫ್ರೇನಿಯಾ.

ಇದು ಕಲ್ಪನೆಯ ಮನೆ. ಆದರೆ ಮನೋವೈದ್ಯರಿಗೆ ಇದರಲ್ಲಿ ಅಪರೂಪದ್ದೇನೂ ಕಾಣಿಸದು. ಇಂಥ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಇದು ನಮ್ಮ ವಂಶದಿಂದ ಬಂತೇ?’ ಎರಡನೆಯದನ್ನು ಅಷ್ಟಾಗಿ ಯಾರೂ ಕೇಳುವುದಿಲ್ಲ: ಒಂದೇ ತಂದೆ-ತಾಯಿಯ ಮಕ್ಕಳಲ್ಲಿ ಮಗನಿಗೆ ಅಷ್ಟು ಬೇಗ, ಮಗಳಿಗೆ ಹತ್ತು ವರ್ಷ ತಡವಾಗಿ, ಅದೂ ಬೇರೆಯದೇ ಮುಖ ಹೊತ್ತು ಬಂದದ್ದು ಏಕೆ? ಈ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದರೆ ಮೊದಲನೆಯದಕ್ಕೂ ಹೆಚ್ಚು ಸರಿಯಾದ ಉತ್ತರ ಸಿಗುತ್ತದೆ ಎಂದು ನನಗನ್ನಿಸುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಗ್ರೀಕಿನ ‘ಸೀಳು’ ಮತ್ತು ‘ಮನಸ್ಸು’ ಎಂಬ ಪದಗಳನ್ನು ಸೇರಿಸಿ ‘ಸ್ಕಿಜೋಫ್ರೇನಿಯಾ’ ಎಂಬ ಹೆಸರಿಟ್ಟ. ಕನ್ನಡದಲ್ಲಿ ‘ಇಚ್ಚಿತ್ತವಿಕಲತೆ’ ಎಂದು ಬರೆಯುವ ರೂಢಿಯಿದೆ, ಅದರಲ್ಲೂ ಎರಡು ಚಿತ್ತದ ನೆರಳಿದೆ. ಇದರಿಂದಲೇ ಒಬ್ಬ ಮನುಷ್ಯನೊಳಗೆ ಇಬ್ಬರು ಇರುತ್ತಾರೆ ಎಂಬ ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ಬ್ಲಾಯ್ಲರ್ ಹೇಳಹೊರಟದ್ದು ಯೋಚನೆ, ಭಾವನೆ, ನಡವಳಿಕೆಗಳ ನಡುವಿನ ಕೊಂಡಿ ಸಡಿಲವಾಗುವುದನ್ನು.

ವಂಶದ ಪ್ರಶ್ನೆಗೆ 20ನೇ ಶತಮಾನದ ಮಧ್ಯಭಾಗದಲ್ಲಿ ಕೊಟ್ಟ ಉತ್ತರ ಕ್ರೂರವಾಗಿತ್ತು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವಿಶ್ಲೇಷಕಿ ‘ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ’ ಎಂಬ ಮಾತನ್ನು ಬಳಸಿದರು. ಪ್ರೀತಿ ತೋರದ, ಅತಿಯಾಗಿ ಹಿಡಿತ ಸಾಧಿಸುವ ತಾಯಿಯೇ ಕಾಯಿಲೆಗೆ ಕಾರಣ ಎಂಬ ಈ ವಿಚಾರ ಎರಡು ದಶಕಗಳ ಕಾಲ ಅದೆಷ್ಟೋ ತಾಯಂದಿರನ್ನು ಸುಟ್ಟಿತು. ಅದನ್ನು ಅಲುಗಾಡಿಸಿದ್ದು ಒಂದು ಸಣ್ಣ ಅಧ್ಯಯನ. ಅಮೆರಿಕದ ಆರೆಗಾನ್‌ನಲ್ಲಿ ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಕೆಲವೇ ದಿನಗಳಲ್ಲಿ ಅವರಿಂದ ಬೇರ್ಪಟ್ಟು ಬೇರೆಡೆ ಬೆಳೆದ 47 ಮಂದಿಯನ್ನು ಲೆನರ್ಡ್ ಹೆಸ್ಟನ್ ಹುಡುಕಿದರು. ಹಾಗೆಯೇ ಬೇರ್ಪಟ್ಟು ಬೆಳೆದ, ಆದರೆ ತಾಯಿಗೆ ಈ ಕಾಯಿಲೆ ಇರದ 50 ಮಂದಿಯನ್ನೂ ಸೇರಿಸಿಕೊಂಡರು. 1966ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಮೊದಲ ಗುಂಪಿನಲ್ಲಿ ಐವರಿಗೆ ಕಾಯಿಲೆ, ಎರಡನೆಯದರಲ್ಲಿ ಒಬ್ಬರಿಗೂ ಇಲ್ಲ. ಆ ತಾಯಂದಿರು ಮಕ್ಕಳನ್ನು ಸಾಕಿರಲೇ ಇಲ್ಲ. ಹಾಗಿದ್ದ ಮೇಲೆ ಸಾಕಿದ ರೀತಿಯ ಮೇಲೆ ತಪ್ಪು ಹೊರಿಸುವುದಾದರೂ ಹೇಗೆ?

ಇದಕ್ಕೊಂದು ವ್ಯಂಗ್ಯದ ಬಾಲವೂ ಇದೆ. ತಂದೆ-ತಾಯಿ ಇಬ್ಬರಲ್ಲೂ ಇರದೆ ಮಗುವಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಡಿಎನ್‌ಎ ಬದಲಾವಣೆಗಳಲ್ಲಿ ಹೆಚ್ಚಿನವು ತಂದೆಯ ಕಡೆಯಿಂದ ಬರುತ್ತವೆ. ತಂದೆಯ ವಯಸ್ಸಿನ ಒಂದೊಂದು ವರ್ಷಕ್ಕೂ ಸುಮಾರು ಎರಡು ಹೊಸ ಬದಲಾವಣೆ ಸೇರುತ್ತವೆ ಎಂದು 2012ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ತೋರಿಸಿದರು. ಬಹುತೇಕ ಬದಲಾವಣೆಗಳಿಂದ ಏನೂ ಆಗುವುದಿಲ್ಲ, ಆದ್ದರಿಂದ ಈಗ ತಂದೆಯಂದಿರನ್ನು ಕಟಕಟೆಗೆ ಎಳೆಯುವುದೂ ಬೇಡ.

ವಂಶದ ಪಾಲು ಎಷ್ಟು ಎಂದು ಅಳೆಯಲು ಅವಳಿಗಳೇ ಒಳ್ಳೆಯ ದಾರಿ. ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ, ಭಿನ್ನ ಅವಳಿಗಳದ್ದು ಒಡಹುಟ್ಟಿದವರಷ್ಟೇ ಹೋಲಿಕೆ. 2018ರಲ್ಲಿ ಬಂದ ಡೆನ್ಮಾರ್ಕಿನ ಅಧ್ಯಯನ 31,000ಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ನೋಡಿತು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಇನ್ನೊಬ್ಬರಿಗೂ ಇರುವ ಪ್ರಮಾಣ ಶೇ. 33, ಭಿನ್ನ ಅವಳಿಗಳಲ್ಲಿ ಶೇ. 7. ಇದರಿಂದ ಅವರು ಲೆಕ್ಕ ಹಾಕಿದ ಆನುವಂಶಿಕತೆ ಶೇ. 79.

ಈ ಕೊನೆಯ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸುದ್ದಿಗಳಲ್ಲಿ ಇದಕ್ಕಿಂತ ಹೆಚ್ಚು ಅಪಾರ್ಥಕ್ಕೆ ಈಡಾದ ಸಂಖ್ಯೆ ಬೇರೆ ಇಲ್ಲ. ಆನುವಂಶಿಕತೆ ಶೇ. 79 ಎಂದರೆ ‘ನಿಮ್ಮ ಮಗುವಿಗೆ ಬರುವ ಸಾಧ್ಯತೆ ಶೇ. 79’ ಎಂದಲ್ಲ. ‘ಕಾಯಿಲೆಯ ನೂರರಲ್ಲಿ 79 ಪಾಲು ಜೀನ್‌ಗಳದ್ದು, ಉಳಿದದ್ದು ಪರಿಸರದ್ದು’ ಎಂದೂ ಅಲ್ಲ. ಒಂದು ದೊಡ್ಡ ಜನಸಮೂಹದಲ್ಲಿ ಕಾಯಿಲೆಯ ಕಡೆಗಿನ ಒಲವು ಜನರಿಂದ ಜನರಿಗೆ ಏರುಪೇರಾಗುತ್ತದಲ್ಲ, ಆ ಏರುಪೇರಿನಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ಹೊಂದುತ್ತದೆ ಎಂಬುದಷ್ಟೇ ಅದರ ಅರ್ಥ. ಕೈಬೆರಳುಗಳನ್ನೇ ನೋಡಿ. ಐದು ಬೆರಳು ಮೂಡಿಸುವುದು ಪೂರ್ತಿ ವಂಶವಾಹಿಗಳ ಕೆಲಸ. ಆದರೂ ಬೆರಳುಗಳ ಸಂಖ್ಯೆಯ ಆನುವಂಶಿಕತೆ ಬಹಳ ಕಡಿಮೆ, ಏಕೆಂದರೆ ಐದಕ್ಕಿಂತ ಕಡಿಮೆ ಇರುವವರಲ್ಲಿ ಹೆಚ್ಚಿನವರು ಅಪಘಾತದಲ್ಲಿ ಕಳೆದುಕೊಂಡವರು. ಆನುವಂಶಿಕತೆ ಸಮೂಹದ ಮಾತು, ಒಬ್ಬ ಮನುಷ್ಯನ ಜಾತಕವಲ್ಲ.

ಮನೆಗೆ ಬೇಕಾದ ಅಂಕಿ ಬೇರೆಯೇ. ಅರ್ವಿಂಗ್ ಗಾಟ್ಸ್‌ಮನ್ ಹಳೆಯ ಯುರೋಪಿಯನ್ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಸಾಮಾನ್ಯ ಜನರಲ್ಲಿ ಜೀವಮಾನದ ಅಪಾಯ ಸುಮಾರು ಶೇ. 1, ಒಡಹುಟ್ಟಿದವರಿಗಿದ್ದರೆ ಸುಮಾರು 9, ತಂದೆ ಅಥವಾ ತಾಯಿಗಿದ್ದರೆ 13ರ ಆಸುಪಾಸು. ಶೇ. 13 ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ಅದನ್ನೇ ತಿರುಗಿಸಿ ಓದಿದರೆ, ಕಾಯಿಲೆಯಿರುವ ತಾಯಿಯ ನೂರು ಮಕ್ಕಳಲ್ಲಿ 87 ಮಂದಿಗೆ ಅದು ಬರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಕಾಯಿಲೆ ಬಂದವರಲ್ಲಿ ಬಹುಪಾಲು ಜನರ ತಂದೆ-ತಾಯಿಗೆ ಅದು ಇರುವುದೇ ಇಲ್ಲ.

ಹಾಗಾದರೆ ಆ ವಂಶವಾಹಿ ಯಾವುದು? ಒಂದು ಕಾಲಕ್ಕೆ ವಿಜ್ಞಾನಿಗಳೂ ಹೀಗೆ ಏಕವಚನದಲ್ಲೇ ಕೇಳುತ್ತಿದ್ದರು. ಒಂದು ಜೀನ್ ಅನುಮಾನಿಸುವುದು, ನೂರಿನ್ನೂರು ರೋಗಿಗಳಲ್ಲಿ ಹುಡುಕುವುದು, ‘ಸಿಕ್ಕಿತು’ ಎಂದು ಪ್ರಕಟಿಸುವುದು, ಮುಂದಿನ ವರ್ಷ ಬೇರೆಯವರು ಹುಡುಕಿದರೆ ಸಿಗದಿರುವುದು. ಸುಮಾರು 15 ವರ್ಷ ನಡೆದ ಈ ಆಟದಲ್ಲಿ ಉಳಿದದ್ದು ಕಡಿಮೆ. ದಾರಿ ತೆರೆದದ್ದು ದೇಶದೇಶಗಳ ಪ್ರಯೋಗಾಲಯಗಳು ತಮ್ಮ ಮಾದರಿಗಳನ್ನು ಒಂದೆಡೆ ಸೇರಿಸಿದ ಮೇಲೆ. 2014ರಲ್ಲಿ ಸೈಕಿಯಾಟ್ರಿಕ್ ಜೀನೋಮಿಕ್ಸ್ ಕನ್ಸಾರ್ಷಿಯಂ ಈ ಕಾಯಿಲೆಯ ಅಪಾಯದೊಂದಿಗೆ ನಂಟಿರುವ ಡಿಎನ್‌ಎಯ 108 ತಾಣಗಳನ್ನು ಗುರುತಿಸಿತು. 2022ರಲ್ಲಿ 76,755 ರೋಗಿಗಳನ್ನು 2,43,649 ಇತರರೊಂದಿಗೆ ಹೋಲಿಸಿ ಸಂಖ್ಯೆಯನ್ನು 287ಕ್ಕೆ ಏರಿಸಿತು. ಹೆಚ್ಚಿನ ತಾಣಗಳಲ್ಲಿ ಒಂದೊಂದರ ಕೊಡುಗೆಯೂ ಚಿಲ್ಲರೆಯಷ್ಟೇ, ಅಪಾಯವನ್ನು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಏರಿಸುವಂಥದ್ದು. ಇವುಗಳಲ್ಲಿ ಹಲವು ನಮ್ಮ ನಿಮ್ಮಲ್ಲೂ ಇವೆ. ಅವುಗಳಲ್ಲಿ ಬಹಳಷ್ಟು ಬೆರಳು ತೋರಿಸುವುದು ನರಕೋಶಗಳು ಪರಸ್ಪರ ಸಂಕೇತ ದಾಟಿಸುವ ಸಂಧಿಗಳ ಕಡೆಗೆ, ಅಂದರೆ ಸಿನಾಪ್ಸ್‌ಗಳ ಕಡೆಗೆ.

ದೊಡ್ಡ ಹೊಡೆತ ಕೊಡುವ ಬದಲಾವಣೆಗಳೂ ಇವೆ, ಆದರೆ ಅಪರೂಪ. 22ನೇ ವರ್ಣತಂತುವಿನ ಒಂದು ಸಣ್ಣ ತುಂಡು ಕಳೆದುಹೋಗಿದ್ದರೆ, ಅಂಥವರಲ್ಲಿ ಸುಮಾರು ಕಾಲು ಭಾಗ ಮಂದಿಗೆ ಸ್ಕಿಜೋಫ್ರೇನಿಯಾ ಅಥವಾ ಅದಕ್ಕೆ ಹತ್ತಿರದ ಕಾಯಿಲೆ ಬರುತ್ತದೆ. 2022ರಲ್ಲೇ ಬಂದ ಮತ್ತೊಂದು ಅಧ್ಯಯನ, ಕೆಟ್ಟುಹೋದರೆ ಅಪಾಯವನ್ನು ಹಲವು ಪಟ್ಟು ಏರಿಸುವ 10 ವಂಶವಾಹಿಗಳನ್ನು ಹೆಸರಿಸಿತು. ಇವು ಏಕೆ ಅಪರೂಪ ಎನ್ನುವುದಕ್ಕೆ ಸ್ವೀಡನ್ನಿನ ಜನಸಂಖ್ಯಾ ದಾಖಲೆಗಳಲ್ಲಿ ಸುಳಿವಿದೆ. ಸಾಮಾನ್ಯ ಜನರಿಗೆ ನೂರು ಮಕ್ಕಳಿರುವ ಲೆಕ್ಕಕ್ಕೆ, ಸ್ಕಿಜೋಫ್ರೇನಿಯಾ ಇರುವ ಹೆಂಗಸರಿಗೆ 47 ಮಕ್ಕಳು, ಗಂಡಸರಿಗೆ ಬರೀ 23. ಹೀಗಿರುವಾಗ ದೊಡ್ಡ ಹಾನಿ ಮಾಡುವ ಬದಲಾವಣೆ ತಲೆಮಾರುಗಳ ದಾರಿಯಲ್ಲಿ ಬೇಗ ಸೋರಿಹೋಗುತ್ತದೆ. ಆ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಗಂಡಸರಿಗೆ ಕಾಯಿಲೆ ಹಿಡಿಯುವುದೇ ಸಂಗಾತಿ, ಸಂಸಾರ ಎಂಬುವು ಶುರುವಾಗುವ ಮೊದಲು. ಅವರ ಅಂಕಿ ಅಷ್ಟು ಕೆಳಗಿರುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಇಲ್ಲಿಗೆ ನಮ್ಮ ಎರಡನೆಯ ಪ್ರಶ್ನೆ ಬಂತು. ಹೊಸದಾಗಿ ಕಾಯಿಲೆ ಹಿಡಿಯುವವರಲ್ಲಿ ಹತ್ತು ಹೆಂಗಸರಿಗೆ ಸುಮಾರು 14 ಗಂಡಸರು. ಗಂಡಸರಲ್ಲಿ ಹೆಚ್ಚಿನವರಿಗೆ 20ರ ಆಚೀಚೆ, ಹೆಂಗಸರಿಗೆ ಸರಾಸರಿ ಮೂರು-ನಾಲ್ಕು ವರ್ಷ ತಡವಾಗಿ. ಮೇಲಾಗಿ ಹೆಂಗಸರಲ್ಲಿ 45-50ರ ಸುತ್ತ ಇನ್ನೊಂದು ಸಣ್ಣ ಏರಿಕೆ ಕಾಣುತ್ತದೆ, ಗಂಡಸರಲ್ಲಿ ಅದಿಲ್ಲ. ಗಂಡಸರಲ್ಲಿ ಮಂಕು, ನಿರಾಸಕ್ತಿ, ಒಂಟಿತನದ ಲಕ್ಷಣಗಳು ಜಾಸ್ತಿ. ಹೆಂಗಸರಲ್ಲಿ ದುಃಖ, ಆತಂಕ ಬೆರೆತಿರುತ್ತವೆ, ಹಾಗಾಗಿಯೇ ಖಿನ್ನತೆ ಎಂಬ ಹೆಸರು ಮೊದಲು ಬರುವುದು. ಇವೆಲ್ಲ ಸರಾಸರಿಯ ಮಾತು. 17ಕ್ಕೇ ಕಾಯಿಲೆ ಹಿಡಿದ ಹುಡುಗಿಯರೂ ಇದ್ದಾರೆ.

ಸಹಜ ಊಹೆ ಏನೆಂದರೆ ಗಂಡಸರ ಅಪಾಯದ ವಂಶವಾಹಿಗಳೇ ಬೇರೆ, ಹೆಂಗಸರದ್ದೇ ಬೇರೆ ಇರಬಹುದು. ಅಥವಾ ಎಲ್ಲ ಗುಟ್ಟೂ ಎಕ್ಸ್-ವೈ ವರ್ಣತಂತುಗಳಲ್ಲಿ ಅಡಗಿರಬಹುದು. 2022ರ ಆ ದೊಡ್ಡ ಅಧ್ಯಯನ ಇದನ್ನೂ ಪರೀಕ್ಷಿಸಿತು. ಗಂಡಸರ ಪಟ್ಟಿ ಮತ್ತು ಹೆಂಗಸರ ಪಟ್ಟಿ ಪೂರ್ತಿ ಒಂದೇ ಆಗಿದ್ದರೆ 1 ಎಂದು ಬರಬೇಕಾದ ಹೋಲಿಕೆಯ ಅಂಕ, ಹೆಚ್ಚುಕಡಿಮೆ 1 ಎಂದೇ ಬಂತು. ಎಕ್ಸ್ ವರ್ಣತಂತುವಿನ ಮೇಲೂ ಅಪಾಯದ ತಾಣಗಳಿವೆ, ಮೇಲೆ ಹೇಳಿದ ಹತ್ತರಲ್ಲಿ ‘ಜಿಆರ್‌ಐಎ3’ ಇರುವುದೂ ಅಲ್ಲೇ. ಆದರೆ ಅಪಾಯದ ಬಹುಪಾಲು ಹರಡಿಕೊಂಡಿರುವುದು ಗಂಡು-ಹೆಣ್ಣಿಬ್ಬರಲ್ಲೂ ಸಮನಾಗಿರುವ ಉಳಿದ 22 ಜೋಡಿಗಳ ಮೇಲೆ.

ಸಾಮಾನ್ಯ ಬದಲಾವಣೆಗಳ ಪಟ್ಟಿ ಒಂದೇ ಎಂದಾದರೆ ವ್ಯತ್ಯಾಸ ಹುಟ್ಟುವುದು ಆ ಪಟ್ಟಿ ಯಾವ ಮೈಯಲ್ಲಿ, ಯಾವ ವಯಸ್ಸಿನಲ್ಲಿ ಕೆಲಸ ಮಾಡುತ್ತದೆ ಎಂಬಲ್ಲಿ ಇರಬೇಕು. ಇದಕ್ಕೆ ತುಂಬ ಸ್ಪಷ್ಟ ಉದಾಹರಣೆ ‘ಸಿ4’ ಎಂಬ ವಂಶವಾಹಿ. ಆರನೇ ವರ್ಣತಂತುವಿನಲ್ಲಿ, ರೋಗನಿರೋಧಕ ವಂಶವಾಹಿಗಳು ಕಿಕ್ಕಿರಿದಿರುವ ಕಡೆ ಇದರ ವಾಸ. ಇದು ತಯಾರಿಸುವ ಪ್ರೋಟೀನು ರಕ್ತದಲ್ಲಿ ಮಾಡುವುದು ಗುರುತು ಹಚ್ಚುವ ಕೆಲಸ: ಸತ್ತ ಜೀವಕೋಶದ ಚೂರು, ರೋಗಾಣು ಕಂಡರೆ ‘ಇದನ್ನು ತೆಗೆಯಿರಿ’ ಎಂದು ಮುದ್ರೆ ಒತ್ತುತ್ತದೆ. ಅದೇ ಪ್ರೋಟೀನು ಮಿದುಳಿನಲ್ಲೂ ಇದೆ, ಅಲ್ಲಿ ಅದು ಮುದ್ರೆ ಒತ್ತುವುದು ಸಿನಾಪ್ಸ್‌ಗಳ ಮೇಲೆ. ಹದಿಹರೆಯದಲ್ಲಿ ಮಿದುಳು ಬೇಡದ ಸಿನಾಪ್ಸ್‌ಗಳನ್ನು ಸವರಿ ಹಾಕುತ್ತದೆ. ಇದು ಎಲ್ಲರಲ್ಲೂ ನಡೆಯುವ, ನಡೆಯಲೇಬೇಕಾದ ಕೆಲಸ. ಮುದ್ರೆ ಬಿದ್ದವನ್ನು ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ನುಂಗುತ್ತವೆ.

ಈ ವಂಶವಾಹಿಯ ಪ್ರತಿಗಳು ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಅವುಗಳಲ್ಲಿ ‘ಎ’ ಮತ್ತು ‘ಬಿ’ ಎಂಬ ಎರಡು ಬಗೆ. ‘ಎ’ ಬಗೆಯ ಪ್ರೋಟೀನು ಮಿದುಳಿನಲ್ಲಿ ಹೆಚ್ಚು ತಯಾರಾಗುವಂಥ ರೂಪ ಇದ್ದವರಿಗೆ ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚು ಎಂದು ಸ್ಟೀವನ್ ಮೆಕ್ಯಾರಲ್, ಬೆತ್ ಸ್ಟೀವನ್ಸ್ ಮತ್ತವರ ಸಂಗಡಿಗರು 2016ರಲ್ಲಿ ತೋರಿಸಿದರು. ಗಿಡ ಸವರುವವನು ಒಣಗಿದ ರೆಂಬೆಯ ಜೊತೆ ಹಸಿರು ರೆಂಬೆಯನ್ನೂ ಕಡಿದುಹಾಕಿದಂತೆ ಎಂಬುದು ಅವರ ಊಹೆ.

ನಾಲ್ಕು ವರ್ಷದ ಮೇಲೆ ಬಂದ ಮುಂದಿನ ಭಾಗವೇ ನನಗೆ ಹೆಚ್ಚು ಕುತೂಹಲದ್ದು. ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚಿಸುವ ಅದೇ ಸಿ4 ರೂಪಗಳು ಲೂಪಸ್ ಎಂಬ ಕಾಯಿಲೆಯಿಂದ ರಕ್ಷಣೆ ಕೊಡುತ್ತವೆ. ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆ, ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ತನ್ನದೇ ಸತ್ತ ಕೋಶಗಳ ಕಸ ಬೇಗ ಬೇಗ ಎತ್ತಿಹೋದರೆ ಲೂಪಸ್ ಹುಟ್ಟುವ ಅವಕಾಶ ಕಡಿಮೆ. ಅದೇ ಚುರುಕುತನ ಮಿದುಳಿನಲ್ಲಿ ಅತಿಯಾದರೆ ಸಿನಾಪ್ಸ್‌ಗಳಿಗೆ ಕುತ್ತು. ಇನ್ನು 20ರಿಂದ 50ರ ವಯಸ್ಸಿನಲ್ಲಿ, ರಕ್ತದಲ್ಲೂ ಮಿದುಳುಬಳ್ಳಿಯ ದ್ರವದಲ್ಲೂ, ಈ ಪ್ರೋಟೀನಿನ ಮಟ್ಟ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಹಾಗಾಗಿ ಒಂದೇ ವಂಶವಾಹಿ ಗಂಡಸರನ್ನು ಒಂದು ಕಾಯಿಲೆಯ ಕಡೆ, ಹೆಂಗಸರನ್ನು ಇನ್ನೊಂದು ಕಾಯಿಲೆಯ ಕಡೆ ಸ್ವಲ್ಪ ವಾಲಿಸುತ್ತದೆ. ಸ್ವಲ್ಪ ಎಂದದ್ದು ಬೇಕೆಂದೇ: ಸಿ4 ರೂಪಗಳಿಂದ ಸ್ಕಿಜೋಫ್ರೇನಿಯಾದ ಅಪಾಯದಲ್ಲಿ ಉಂಟಾಗುವ ಏರುಪೇರು ಗಂಡಸರಲ್ಲಿ 1.7 ಪಟ್ಟು, ಹೆಂಗಸರಲ್ಲಿ 1.26 ಪಟ್ಟು. ಇಡೀ ಕಾಯಿಲೆಯನ್ನು ಇದೊಂದರಿಂದ ವಿವರಿಸಲು ಹೋದರೆ ಮತ್ತೆ ಆ ಹಳೆಯ ಏಕವಚನದ ತಪ್ಪಿಗೆ ಬೀಳುತ್ತೇವೆ.

ಇನ್ನೊಂದು ದಾರಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್. ಹೆಂಗಸರಲ್ಲಿ ಕಾಯಿಲೆ ತಡವಾಗಿ ಬರುವುದು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎರಡನೇ ಏರಿಕೆ, ಈ ಹಾರ್ಮೋನ್ ಇಳಿಯುವ ದಿನಗಳಲ್ಲಿ ಕೆಲವರ ಲಕ್ಷಣಗಳು ಕೆರಳುವುದು: ಇವನ್ನೆಲ್ಲ ಒಟ್ಟಿಗಿಟ್ಟರೆ ಈಸ್ಟ್ರೋಜನ್ ಒಂದು ತಡೆಗೋಡೆಯಂತೆ ಕಾಣುತ್ತದೆ. ಈ ಕಾಯಿಲೆಯೊಂದಿಗೆ ನಂಟಿರುವ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ವ್ಯವಸ್ಥೆಯ ಮೇಲೆ ಅದರ ಪ್ರಭಾವ ಇದೆ ಎಂಬುದು ಪ್ರಾಣಿಗಳಲ್ಲಿ ಗೊತ್ತಾಗಿದೆ. ಮೆಲ್ಬರ್ನ್‌ನ ಜಯಶ್ರೀ ಕುಲಕರ್ಣಿ ಇದನ್ನು ರೋಗಿಗಳಲ್ಲೇ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 102 ಮಹಿಳೆಯರಿದ್ದರು. ಎಲ್ಲರಿಗೂ ಎಂದಿನ ಔಷಧ ಮುಂದುವರಿಯಿತು, ಕೆಲವರಿಗೆ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿ, ಉಳಿದವರಿಗೆ ಖಾಲಿ ಪಟ್ಟಿ. 28 ದಿನಗಳಲ್ಲಿ ಮೊದಲ ಗುಂಪಿನವರ ಭ್ರಮೆಗಳು ಹೆಚ್ಚು ಇಳಿದವು. ಆದರೂ ಇದು ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ. ಹೆಚ್ಚು ಕಾಲ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶ, ಸ್ತನ, ರಕ್ತ ಹೆಪ್ಪುಗಟ್ಟುವಿಕೆಯ ಚಿಂತೆ ಬೇರೆ.

ಈ ತಡೆಗೋಡೆಗೂ ವಂಶಕ್ಕೂ ನೇರ ಸಂಬಂಧವಿದೆ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹೈನ್ಸ್ ಹೆಫ್ನರ್ ತಂಡ ಗಮನಿಸಿದಂತೆ, ಮನೆತನದಲ್ಲಿ ಕಾಯಿಲೆ ಬಲವಾಗಿ ಇರುವವರನ್ನು ಮಾತ್ರ ತೆಗೆದುಕೊಂಡರೆ ಗಂಡು-ಹೆಣ್ಣಿನ ನಡುವಿನ ಆ ಮೂರು-ನಾಲ್ಕು ವರ್ಷದ ಅಂತರ ಬಹಳ ಕುಗ್ಗುತ್ತದೆ. ವಂಶದ ಹೊರೆ ಕಡಿಮೆಯಿದ್ದಾಗ ಹಾರ್ಮೋನ್ ಕಾಯಿಲೆಯನ್ನು ಮುಂದೂಡಬಲ್ಲದು, ಹೊರೆ ಹೆಚ್ಚಾದರೆ ಅದರ ಕೈ ಸಾಲದು. ನಮ್ಮ ಕಲ್ಪನೆಯ ತಂಗಿಗೆ ಸಿಕ್ಕ ಆ ಹತ್ತು ವರ್ಷ ಸಣ್ಣದಲ್ಲ. ಓದು, ನೌಕರಿ, ಸಂಬಂಧಗಳು ಎಲ್ಲ ಅಷ್ಟರಲ್ಲಿ ಕೂಡಿಬಂದಿದ್ದವು. ಕಾಯಿಲೆಯಿಂದ ಮೇಲೇಳುವಾಗ ಹಿಡಿದುಕೊಳ್ಳಲು ಅವಳಿಗೊಂದು ಆಸರೆ ಇತ್ತು, ಅಣ್ಣನಿಗೆ ಅದನ್ನು ಕಟ್ಟಿಕೊಳ್ಳಲು ಸಮಯವೇ ಸಿಕ್ಕಿರಲಿಲ್ಲ.

ಕತೆ ಇನ್ನೂ ಹಿಂದಕ್ಕೆ, ಗರ್ಭಕ್ಕೇ ಹೋಗಬಹುದು. 2018ರಲ್ಲಿ ಡೇನಿಯಲ್ ವೈನ್‌ಬರ್ಗರ್ ತಂಡ ತೋರಿಸಿದ್ದು ಇದು: ಬಸಿರು-ಹೆರಿಗೆಯಲ್ಲಿ ಗಂಭೀರ ತೊಡಕುಗಳಾದವರಲ್ಲಿ ವಂಶವಾಹಿಗಳ ಅಪಾಯ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ. ಹೀಗೆ ತೊಡಕಿನ ಜೊತೆ ಕೈಜೋಡಿಸುವ ವಂಶವಾಹಿಗಳು ಮಿದುಳಿನಲ್ಲಿರುವುದಕ್ಕಿಂತ ಮಾಸಿನಲ್ಲಿ, ಅಂದರೆ ಮಗುವಿಗೆ ಗರ್ಭದಲ್ಲಿ ಆಹಾರ-ಉಸಿರು ದಾಟಿಸುವ ಅಂಗದಲ್ಲಿ, ಎದ್ದು ಕಾಣುತ್ತವೆ. ಅದೂ ಗಂಡುಮಗುವಿನ ಮಾಸಿನಲ್ಲಿ ಇನ್ನಷ್ಟು ಚುರುಕು. ಇನ್ನು ಹರೆಯದಲ್ಲಿ ಗಾಂಜಾ: ಗಾಂಜಾ ಚಟ ಮತ್ತು ಸ್ಕಿಜೋಫ್ರೇನಿಯಾದ ನಂಟು ಯುವಕರಲ್ಲಿ ಹೆಚ್ಚು ಗಟ್ಟಿ ಎಂದು 2023ರ ಡೆನ್ಮಾರ್ಕಿನ ಅಧ್ಯಯನ ಹೇಳಿತು.

‘ಹಾಗಾದರೆ ಜೀನ್ ಪರೀಕ್ಷೆ ಮಾಡಿಸಿಬಿಡೋಣವೇ?’ ಎಂದು ಕೇಳುವವರಿದ್ದಾರೆ. 22ನೇ ವರ್ಣತಂತುವಿನ ಕೊರತೆಯಂಥ ಅಪರೂಪದ ಬದಲಾವಣೆಯ ಸಂಶಯವಿದ್ದರೆ ಪರೀಕ್ಷೆಗೆ ಅರ್ಥವಿದೆ, ಏಕೆಂದರೆ ಅಂಥವರಲ್ಲಿ ಹೃದಯದ ದೋಷವೂ ಕ್ಯಾಲ್ಸಿಯಂ ಕೊರತೆಯೂ ಇರಬಹುದು, ಅವಕ್ಕೆ ಚಿಕಿತ್ಸೆಯಿದೆ. ಆದರೆ ನೂರಾರು ತಾಣಗಳ ಚಿಲ್ಲರೆ ಅಪಾಯವನ್ನೆಲ್ಲ ಕೂಡಿಸಿ ಕೊಡುವ ‘ಅಪಾಯದ ಅಂಕ’ ಒಬ್ಬ ವ್ಯಕ್ತಿಗೆ ಕಾಯಿಲೆ ಬರುತ್ತದೋ ಇಲ್ಲವೋ ಹೇಳಲಾರದು. ಒಲವಿನ ಏರುಪೇರಿನಲ್ಲಿ ಅದು ವಿವರಿಸುವುದು ನೂರಕ್ಕೆ ಏಳೆಂಟು ಪಾಲನ್ನಷ್ಟೇ. ಅದನ್ನು ರೂಪಿಸಲು ಬಳಸಿದ ಮಾದರಿಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರದ್ದಾದ್ದರಿಂದ, ಉಳಿದವರಲ್ಲಿ ಅದರ ಕೈ ಇನ್ನೂ ನಡುಗುತ್ತದೆ. ಯಾರಾದರೂ ಎಂಜಲಿನ ಮಾದರಿ ತೆಗೆದುಕೊಂಡು ಭವಿಷ್ಯ ಹೇಳುತ್ತೇವೆ ಎಂದರೆ ದುಡ್ಡು ಉಳಿಸಿಕೊಳ್ಳಿ.

ಈ ಎಲ್ಲ ತಿಳಿವಳಿಕೆ ಇವತ್ತಿಗೆ ಕೆಲಸಕ್ಕೆ ಬರುವುದು ಹೆಚ್ಚಾಗಿ ಔಷಧದ ವಿಷಯದಲ್ಲಿ. ಈ ಕಾಯಿಲೆಗೆ ಕೊಡುವ ಓಲಾಂಜಪಿನ್ ಮಾತ್ರೆಯನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೆ ಹೆಂಗಸರ ರಕ್ತದಲ್ಲಿ ಅದರ ಮಟ್ಟ ಗಂಡಸರದ್ದಕ್ಕಿಂತ ಹೆಚ್ಚಿರುತ್ತದೆ. ಸಿಗರೇಟಿನ ಹೊಗೆ ಆ ಔಷಧವನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತದೆ, ಹಾಗಾಗಿ ಸೇದುವವರಲ್ಲಿ ಮಟ್ಟ ಇನ್ನೂ ಇಳಿಯುತ್ತದೆ. ಅಂದರೆ ಅಣ್ಣನಿಗೆ ಹಿಡಿಸಿದ ಪ್ರಮಾಣ ತಂಗಿಗೆ ಅಡ್ಡಪರಿಣಾಮಗಳ ಹೊರೆಯಾಗಬಹುದು. ಅವಳಿಗೆ ಕಡಿಮೆ ಸಾಕು ಎಂದು ಒಮ್ಮೆ ನಿರ್ಧರಿಸಿದ್ದೂ ಶಾಶ್ವತವಲ್ಲ. 45 ದಾಟಿದ ಮಹಿಳೆಯರಲ್ಲಿ ಅದೇ ಔಷಧಗಳು ಮುಂಚಿನಷ್ಟು ಕಾಪಾಡುವುದಿಲ್ಲ, ಮತ್ತೆ ಆಸ್ಪತ್ರೆ ಸೇರುವವರು ಹೆಚ್ಚುತ್ತಾರೆ ಎಂದು ಫಿನ್ಲೆಂಡಿನ ದಾಖಲೆಗಳನ್ನು ಆಧರಿಸಿದ 2023ರ ಅಧ್ಯಯನ ತೋರಿಸಿದೆ.

ಹದಿನೆಂಟು ವರ್ಷ ಒಂದೇ ಮಾತ್ರೆಯಲ್ಲಿ ನೆಮ್ಮದಿಯಾಗಿದ್ದ ತಂಗಿಗೆ 47ನೇ ವಯಸ್ಸಿನಲ್ಲಿ ಆ ಹಳೆಯ ಸಂಚಿನ ಮಾತು ಮರಳಿ ಬಂದರೆ, ‘ಮಾತ್ರೆ ಬಿಟ್ಟಿದ್ದೀಯಾ?’ ಎಂದು ಮನೆಯವರು ಗದರುವ ಮೊದಲು, ವೈದ್ಯರು ಅವಳನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ‘ಕಳೆದ ಸಲ ಮುಟ್ಟಾದದ್ದು ಯಾವಾಗ?’